ವೇಗವೇರಿಸುವಾಗ ವಾಹನದಲ್ಲುಂಟಾಗುವ ಶಬ್ದಗಳು: ಕಾರಣವೂ ನಿವಾರಣೆಯೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಎತ್ತು ಕುಂಟಿದರೆ ಯಾವ ಕಾಲು ನೊಂದಿದೆಯೆಂದು ನೋಡದೆ ಅದನ್ನು ನೊಗಕ್ಕೆ ಹೂಡುವ ರೈತರು ನಮ್ಮಲ್ಲಿಲ್ಲ. ಆದರೆ ಕಾಯಿ, ಅಡಿಕೆ, ರಾಗಿಗಳನ್ನು ಸಾಗಿಸುವ ಕಾರು, ಜೀಪು, ಪಿಕಪ್ ಮುಂತಾದ ವಾಹನಗಳು ತಮ್ಮ ನೋವನ್ನು ಶಬ್ದದಿಂದ ಸೂಚಿಸಿದರೂ, ಮುಂದಿನ ಸಂತೆ ಕಳೆಯಲೆಂದು ಸುಮ್ಮನಿರುವವರು ಅನೇಕರುಂಟು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ಕುಣಿಗಲಿನಿಂದ ಸುಮಾರು 35 ಕಿಲೋಮೀಟರು ದಾರಿ. ಈ ದಾರಿಯಲ್ಲಿ ಸರಕಿನೊಡನೆ ವಾಹನವು ಕೆಟ್ಟು ನಿಂತರೆ ಆಗುವ ನಷ್ಟವನ್ನು ಭೂಮಾಲೀಕರಿಗೆ ವಿವರಿಸಬೇಕಾದುದಿಲ್ಲ. ಶಬ್ದವು ಎಲ್ಲಿಂದ ಬಂದಿತೆಂದು ಹುಡುಕುವುದಕ್ಕೆ ಮೊದಲು ಯಾವಾಗ ಬಂದಿತೆಂದು ಕೇಳಿಕೊಳ್ಳುವುದೇ ಇಲ್ಲಿ ಮುಖ್ಯವಾದ ಸೂತ್ರ.

ಎರಡು ಪರೀಕ್ಷೆಗಳು

ಮೊದಲು ವಾಹನವನ್ನು ಬಯಲಿನ ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ಆಕ್ಸಿಲರೇಟರನ್ನು ಮೆಲ್ಲನೆ ಒತ್ತತಕ್ಕದ್ದು. ಆಗಲೂ ಶಬ್ದ ಬಂದರೆ ದೋಷವು ಇಂಜಿನು, ಬೆಲ್ಟು ಅಥವಾ ಹೊಗೆಕೊಳವೆಗೆ ಸೇರಿದುದು. ಬಾರದಿದ್ದರೆ ಅದು ಇಂಜಿನಿನ ಮೇಲೆ ಭಾರ ಬಿದ್ದಾಗ ಮಾತ್ರ ಹುಟ್ಟುವುದು, ಇಲ್ಲವೆ ಗೇರುಪೆಟ್ಟಿಗೆಯಿಂದ ಚಕ್ರದವರೆಗಿನ ಭಾಗದ್ದು.

ಎರಡನೆಯದಾಗಿ, ಜನಸಂಚಾರವಿಲ್ಲದ ಮಟ್ಟಸವಾದ ರಸ್ತೆಯಲ್ಲಿ ಸಾಧಾರಣ ವೇಗದಿಂದ ಹೋಗುತ್ತ ಗೇರನ್ನು ನ್ಯೂಟ್ರಲ್ಲಿಗೆ ತಂದು ವಾಹನವನ್ನು ತಾನಾಗಿ ಉರುಳಬಿಡಬೇಕು. ಶಬ್ದವು ಹಾಗೆಯೇ ಮುಂದುವರಿದರೆ ಚಕ್ರ, ಬೇರಿಂಗು, ಟೈರುಗಳನ್ನು ಶಂಕಿಸಬೇಕು. ಈ ಪರೀಕ್ಷೆಯನ್ನು ಇಳಿಜಾರಿನಲ್ಲಿ ಮಾಡಕೂಡದು; ಕೀಲಿಯನ್ನೂ ತಿರುಗಿಸಿ ಆರಿಸಕೂಡದು. ಆರಿಸಿದರೆ ಬ್ರೇಕಿನ ಸಹಾಯಬಲ ತಪ್ಪುವುದಲ್ಲದೆ ಸ್ಟೀರಿಂಗು ಬಿಗಿದುಕೊಳ್ಳಬಹುದು.

ಶಬ್ದಗಳ ವಿವರ

(1) ಕಿರುಚುವ ಶಬ್ದ: ಬೆಲ್ಟು ಸಡಿಲವಾಗಿ ಇಲ್ಲವೆ ಸವೆದು ಜಾರುವುದೇ ಸಾಮಾನ್ಯವಾದ ಕಾರಣ. ಇಂಜಿನನ್ನು ನಿಲ್ಲಿಸಿದ ಮೇಲೆಯೇ ನೋಡತಕ್ಕದ್ದು. ಬಿರುಕುಬಿಟ್ಟ ಅಥವಾ ಗಾಜಿನಂತೆ ನುಣುಪಾದ ಬೆಲ್ಟನ್ನು ಬದಲಾಯಿಸಬೇಕು. ತಿರುಗುವ ಯಂತ್ರದ ಬಳಿ ಪಂಚೆ, ಶಲ್ಯಗಳ ಅಂಚು ಸುಳಿಯಬಾರದು.

(2) ಡಬ್ಬದಲ್ಲಿ ಗೋಲಿಗಳನ್ನು ಕುಲುಕಿದಂತಹ ಶಬ್ದ: ದೇವರಾಯನದುರ್ಗದಂತಹ ಏರಿನಲ್ಲಿ ಭಾರ ಹೇರಿ ಮೇಲಿನ ಗೇರಿನಲ್ಲಿಯೇ ಒತ್ತಿದರೆ ಪೆಟ್ರೋಲ್ ಇಂಜಿನಿನಲ್ಲಿ ಇದು ಕೇಳುವುದು. ಇಂಧನವು ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದರಿಂದ ಹೀಗಾಗುವುದು. ಕೂಡಲೆ ಕೆಳಗಿನ ಗೇರಿಗೆ ಬರಬೇಕು. ಇಂಜಿನು ಅತಿಯಾಗಿ ಕಾದಿದೆಯೇ ಎಂದು ನೋಡಬೇಕು. ಸೀಮೆಎಣ್ಣೆ ಬೆರೆತ ಪೆಟ್ರೋಲಿನಿಂದಲೂ ಇದು ಹೆಚ್ಚುವುದು. ಹಿಂದೆ ಇದನ್ನು ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಸೇರಿಸುತ್ತಿದ್ದರು. ವಿಷಕಾರಿಯಾದ ಆ ಪದ್ಧತಿಯು ನಮ್ಮ ದೇಶದಲ್ಲಿ 2000ನೆಯ ಇಸವಿಯಲ್ಲಿ ನಿಂತಿತು. ಕಬ್ಬು, ಧಾನ್ಯಗಳಿಂದ ತಯಾರಿಸಿ ಈಗ ಬೆರೆಸುವ ಎಥನಾಲಿಗೂ ಈ ಸಿಡಿತವನ್ನು ತಡೆಯುವ ಗುಣವುಂಟು. ಆದರೆ ಹಳೆಯ ವಾಹನಗಳ ರಬ್ಬರು ಕೊಳವೆಗಳನ್ನು ಆಗಾಗ ಪರೀಕ್ಷಿಸುತ್ತಿರಬೇಕು.

(3) ಪಟಪಟ ಇಲ್ಲವೆ ಬುಸುಗುಡುವ ಶಬ್ದ: ಹೊಗೆಕೊಳವೆಯ ಸಂದು ಬಿಟ್ಟಿರಬಹುದು. ಸೋರುವ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಇರುವುದರಿಂದ, ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನನ್ನು ನಡೆಸಲೇಬಾರದು.

(4) ಠಕ್ಕೆಂಬ ಪೆಟ್ಟು: ಹೊರಡುವಾಗ ಒಂದೇ ಪೆಟ್ಟು ಕೇಳಿದರೆ ಹಿಂಬದಿ ಚಕ್ರದಿಂದ ನಡೆಯುವ ವಾಹನಗಳಲ್ಲಿ ಶಾಫ್ಟಿನ ಕ್ರಾಸ್ ಕೀಲು ಸವೆದಿರಬಹುದು. ಮುಂಬದಿ ಚಕ್ರದಿಂದ ನಡೆಯುವ ಕಾರುಗಳು ತಿರುವಿನಲ್ಲಿ ವೇಗವೇರಿಸಿದಾಗ ಟಕಟಕವೆಂದರೆ ಚಕ್ರದ ಬಳಿಯ ಕೀಲಿನ ರಬ್ಬರು ಹೊದಿಕೆ ಹರಿದು, ಗ್ರೀಸಿನೊಳಗೆ ಮರಳು ಸೇರಿರಬಹುದು. ಶಬ್ದ ಹುಟ್ಟುವುದಕ್ಕೆ ಮೊದಲೇ ಹೊದಿಕೆಯನ್ನು ಬದಲಾಯಿಸಿದರೆ ಕೀಲು ಉಳಿಯುವುದು.

(5) ಇಂಜಿನಿನ ಆಳದಿಂದ ಬರುವ ದಪ್ಪನೆಯ ಬಡಿತ: ಇದರೊಡನೆ ಎಣ್ಣೆಯ ಕೆಂಪು ದೀಪವೂ ಹೊತ್ತಿದರೆ ಒಂದು ಫರ್ಲಾಂಗೂ ಮುಂದೆ ಹೋಗದೆ ನಿಲ್ಲಿಸತಕ್ಕದ್ದು. ಎಣ್ಣೆಯಿಲ್ಲದೆ ನಡೆದ ಇಂಜಿನು ಸ್ವಲ್ಪ ಹೊತ್ತಿನಲ್ಲಿಯೇ ಹಾಳಾಗುವುದು.

ರಸ್ತೆಯ ಮೇಲಿನ ಒಕ್ಕಣೆ

ಗ್ರಾಮಗಳ ಮುಖ್ಯಸ್ಥರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಸುಗ್ಗಿಯಲ್ಲಿ ರಾಗಿ, ಹುರುಳಿಗಳ ಮೆದೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ವಾಹನಗಳಿಂದ ತುಳಿಸುವ ರೂಢಿಯು ನಮ್ಮ ಸೀಮೆಯಲ್ಲಿದೆ. ಹುರುಳಿಯ ಬಳ್ಳಿಯು ಚಕ್ರದ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುವುದು. ವೇಗವೇರಿದಂತೆ ಸರಸರ ಉಜ್ಜುವ ಶಬ್ದವೂ, ಬಳಿಕ ಸುಟ್ಟ ವಾಸನೆಯೂ ಬರುವುವು. ಕಾದ ಹೊಗೆಕೊಳವೆಗೆ ತಾಗಿದ ಒಣಹುಲ್ಲು ಹೊತ್ತಿಕೊಂಡು ವಾಹನಗಳೇ ಸುಟ್ಟುಹೋದ ಪ್ರಕರಣಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ದ್ವಿಚಕ್ರ ವಾಹನಗಳು ಹುಲ್ಲಿನ ಮೇಲೆ ಜಾರಿ ಬೀಳುವುದೂ ಉಂಟು. ಇಂತಹ ಹುಲ್ಲಿನ ಮೇಲೆ ಹಾದುಬಂದ ಮೇಲೆ ಈ ಶಬ್ದ ಕೇಳಿದರೆ ಹುಲ್ಲಿಲ್ಲದ ಕಡೆ ವಾಹನವನ್ನು ನಿಲ್ಲಿಸಿ, ಇಂಜಿನನ್ನು ಆರಿಸಿ, ಎಲ್ಲರನ್ನೂ ಕೆಳಗಿಳಿಸಬೇಕು. ಹೊಗೆಯಾಗಲಿ ಬೆಂಕಿಯಾಗಲಿ ಇಲ್ಲವೆಂದು ಖಚಿತವಾಗಿ, ಕೊಳವೆಯು ಆರಿದ ಬಳಿಕವೇ ಹುಲ್ಲನ್ನು ಕೊಯ್ದು ತೆಗೆಯತಕ್ಕದ್ದು. ಈ ಶಬ್ದಕ್ಕೆ ನಿಜವಾದ ಪರಿಹಾರವು ಮೆಕ್ಯಾನಿಕ್ಕಿನ ಅಂಗಡಿಯಲ್ಲಿಲ್ಲ, ಊರಿನ ಕಣದಲ್ಲಿದೆ. ಮುಖಂಡರು ಪಂಚಾಯಿತಿಯ ಮೂಲಕ ಸಾಮೂಹಿಕ ಕಣವನ್ನು ಮಾಡಿಸಿದರೆ ಧಾನ್ಯವೂ ಕಲ್ಲುಮಣ್ಣಿಲ್ಲದೆ ದೊರೆಯುವುದು, ದಾರಿಹೋಕರ ಪ್ರಾಣವೂ ಉಳಿಯುವುದು.

ದುರಸ್ತಿಗೆ ಕಳುಹಿಸುವಾಗ "ಏನೋ ಶಬ್ದ" ಎನ್ನದೆ ನಾಲ್ಕು ಸಂಗತಿಗಳನ್ನು ಬರೆದುಕೊಡಿರಿ: ನಿಂತಾಗಲೋ ಚಲಿಸುವಾಗಲೋ, ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಭಾರವಿದ್ದಾಗಲೋ ಇಲ್ಲದಾಗಲೋ. ಹೀಗೆ ಮಾಡಿದಲ್ಲಿ ಒಳ್ಳೆಯ ಭಾಗಗಳನ್ನು ವೃಥಾ ಬಿಚ್ಚುವ ಖರ್ಚು ತಪ್ಪುವುದು. ಬ್ರೇಕು, ಸ್ಟೀರಿಂಗು, ಚಕ್ರಗಳ ವಿಷಯದಲ್ಲಿ ಸಂಶಯವಿರುವವರೆಗೆ ಆ ವಾಹನದಲ್ಲಿ ಯಾರನ್ನೂ ಕೂರಿಸಕೂಡದು.