ನಿಮಗಿದು ಗೊತ್ತೆ? ಕೂಸಿನ ನಾಲಿಗೆಗೂ ಕಟ್ಟು!

ನಾಲಿಗೆಯ ಅಡಿಯ ಪೊರೆ ಗಿಡ್ಡವಾಗಿಯೋ ಬಿಗಿಯಾಗಿಯೋ ಇದ್ದರೆ ಕೆಲವು ಹಸುಗೂಸುಗಳಿಗೆ ಮೊಲೆ ಹಿಡಿಯುವುದೇ ಕಷ್ಟ. ಇದೇ ‘ಟಂಗ್ ಟೈ’. ಅಳುವಾಗ ನಾಲಿಗೆ ಸರಿಯಾಗಿ ಮೇಲೇಳದು. ತುದಿ ಹೃದಯದ ಆಕಾರದಲ್ಲಿ ಸೀಳಿದಂತೆ ಕಾಣುವುದೂ ಉಂಟು. ಹಾಲುಣ್ಣುವಾಗ ಟಕ್ ಟಕ್ ಸದ್ದು, ತಾಯಿಗೆ ತೊಟ್ಟು ಒಡೆದು ನೋವು, ಮಗುವಿನ ತೂಕವೂ ಏರದು.

ಬ್ರೆಜಿಲ್ 2014ರಲ್ಲಿ ಕಾನೂನನ್ನೇ ತಂದು ಹೆರಿಗೆ ಆಸ್ಪತ್ರೆಗಳಲ್ಲಿ ಶಿಶುಗಳ ನಾಲಿಗೆ ತಪಾಸಣೆ ಕಡ್ಡಾಯಗೊಳಿಸಿತು. ಅಲ್ಲಿನ ವಾಕ್ ಚಿಕಿತ್ಸಕರು ರೂಪಿಸಿದ ಪರೀಕ್ಷೆಯಲ್ಲಿ ಪೊರೆ ನೋಡುವುದರ ಜೊತೆಗೆ, ಕೈಗವಸಿನ ಬೆರಳು ಚೀಪಿಸಿ, ಹಾಲು ಕುಡಿಯುವ ಬಗೆಯನ್ನೂ ಗಮನಿಸಿ ಅಂಕ ಕೊಡುತ್ತಾರೆ.

ಹಾಗೆಂದು ಕಂಡ ಪೊರೆಗೆಲ್ಲ ಕತ್ತರಿ ಹಾಕುವಂತಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ 2024ರ ವರದಿ ಪ್ರಕಾರ, ಇಂಥ ಪೊರೆಯಿರುವ ಶಿಶುಗಳಲ್ಲಿ ಅರ್ಧಕ್ಕಿಂತ ಕಡಿಮೆ ಕೂಸುಗಳಿಗಷ್ಟೇ ಹಾಲುಣ್ಣಲು ತೊಂದರೆ. ಆದ್ದರಿಂದ ಸ್ತನ್ಯಪಾನ ಸಲಹೆಗಾರ್ತಿ ಮೊದಲು ಮಗುವನ್ನು ಹಿಡಿಯುವ ಭಂಗಿ ತಿದ್ದಬೇಕು, ಮಕ್ಕಳ ವೈದ್ಯರು ತೂಕ ನೋಡಿ ಬೇರೆ ಕಾರಣಗಳನ್ನು ಹುಡುಕಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಇಎನ್‌ಟಿ ಅಥವಾ ದಂತವೈದ್ಯರು ಪೊರೆ ಬಿಡಿಸುತ್ತಾರೆ. ಕ್ಷಣಗಳ ಕೆಲಸವೇನೋ ಹೌದು. ಬಳಿಕವೂ ಹಾಲೂಡಿಸುವ ಸಲಹೆ ಬೇಕೇ ಬೇಕು.

ಮೊಲೆಯೂಡಿಸುವಾಗ ನೋವಿದ್ದರೆ ಹಲ್ಲುಕಚ್ಚಿ ಸಹಿಸಬೇಡಿ, ವೈದ್ಯರಿಗೆ ತೋರಿಸಿ.