ಡಿಗ್ರಿ ನಾಲ್ಕು ವರ್ಷದ್ದು, ಕೌಂಟರ್ ಎಷ್ಟು ದಿನದ್ದು?

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕಲಬುರಗಿಗೆ ಫಾರ್ಮಸಿ ಓದಲು ಬರೋರು ನನಗೆ ಕೇಳುವ ಪ್ರಶ್ನೆ ಒಂದೇ: "ಫಾರಿನ್‌ದಾಗ ಓದು ಹೆಂಗಿರ್ತದ?" ನಾನು ಆಳಂದ ತಾಲ್ಲೂಕಿನವನು. ಬಿ.ಫಾರ್ಮ ಓದುವಾಗ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಕೆಲವು ವಾರ ಜರ್ಮನಿಯಲ್ಲಿದ್ದೆ. ಅಲ್ಲಿ ತಿಳಿದದ್ದನ್ನು ಇವತ್ತು ಹೇಳ್ತೀನಿ.

ಪಾಠದಲ್ಲಿ ಅಂಥ ದೊಡ್ಡ ಅಂತರ ಇಲ್ಲ. ಅಲ್ಲೂ ಅದೇ ಫಾರ್ಮಕಾಲಜಿ, ಅದೇ ಕೆಮಿಸ್ಟ್ರಿ. ಅಂತರ ಇರೋದು ಔಷಧ ಅಂಗಡಿಯ ಕೌಂಟರ್ ಹಿಂದೆ ನಿಂತು ಕಲಿಯುವ ಸಮಯದಲ್ಲಿ.

ಲೆಕ್ಕ ನೋಡಿ. ಜರ್ಮನಿಯಲ್ಲಿ ಎಂಟು ಸೆಮಿಸ್ಟರ್ ಓದು. ಅದರ ನಡುವೆ ರಜೆಯಲ್ಲಿ 8 ವಾರ ತರಬೇತಿ. ಓದು ಮುಗಿದ ಮೇಲೆ ಮತ್ತೆ 12 ತಿಂಗಳು ಪ್ರಾಯೋಗಿಕ ತರಬೇತಿ. ಅದರಲ್ಲಿ ಕನಿಷ್ಠ 6 ತಿಂಗಳು ಊರಿನ ಔಷಧ ಅಂಗಡಿಯಲ್ಲೇ. ಮೂರು ಹಂತದ ಸರ್ಕಾರಿ ಪರೀಕ್ಷೆ ಪಾಸಾದ್ರೆ ಮಾತ್ರ ಲೈಸೆನ್ಸ್. ಜಪಾನ್‌ನಲ್ಲಿ 2006ರಿಂದ ಫಾರ್ಮಸಿಸ್ಟ್ ಆಗಲು ಆರು ವರ್ಷದ ಕೋರ್ಸ್. ಆಸ್ಪತ್ರೆ, ಔಷಧ ಅಂಗಡಿ ಎರಡೂ ಸೇರಿ 22 ವಾರ ತರಬೇತಿ.

ನಮ್ಮಲ್ಲಿ? ಎರಡು ವರ್ಷದ ಡಿ.ಫಾರ್ಮ ಮುಗಿಸಿದವರಿಗೆ ಕನಿಷ್ಠ 500 ಗಂಟೆ ತರಬೇತಿ ಕಡ್ಡಾಯ. ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡೋದಕ್ಕೇ ಮೀಸಲು. ನಾಲ್ಕು ವರ್ಷದ ಬಿ.ಫಾರ್ಮದ ನಿಯಮದಲ್ಲಿ ಇರೋದು 150 ಗಂಟೆ. ಅದನ್ನೂ ಔಷಧ ಕಾರ್ಖಾನೆಯಲ್ಲಿ ಮುಗಿಸಬಹುದು. ಅಂದ್ರೆ ಒಬ್ಬ ರೋಗಿಯ ಜೊತೆಗೂ ಮಾತಾಡದೆ ನಾನು ಪದವೀಧರ ಆಗಬಹುದಿತ್ತು! 2008ರಲ್ಲಿ ಬಂದ ಆರು ವರ್ಷದ ಫಾರ್ಮ್.ಡಿ ಕೋರ್ಸ್ ಬೇರೆ ಥರ. ಅದರ ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್.

ಇದು ಬರೀ ಅಂಕಿ-ಸಂಖ್ಯೆ ಅಲ್ಲ. ನಮ್ಮ ಆಯಿಗೆ ಬಿಪಿ, ಶುಗರ್ ಎರಡೂ ಇವೆ. ಒಮ್ಮೆ ನಮ್ಮ ಕಡೆಯ ಒಂದು ಮೆಡಿಕಲ್‌ನಲ್ಲಿ ಸ್ಟ್ರಿಪ್ ಕತ್ತರಿಸಿ, ಎರಡೂ ಗುಳಿಗೆಗಳನ್ನು ಒಂದೇ ಕಾಗದದ ಪೊಟ್ಟಣದಲ್ಲಿ ಹಾಕಿ ಕೊಟ್ಟರು. ಕತ್ತರಿಸಿದ ತುಂಡಿನ ಮೇಲೆ ಹೆಸರೂ ಇಲ್ಲ, ಎಕ್ಸ್‌ಪೈರಿ ದಿನಾಂಕವೂ ಇಲ್ಲ. ಆಯಿ ಬಿಪಿ ಗುಳಿಗೆ ಅಂದ್ಕೊಂಡು ಶುಗರ್ ಗುಳಿಗೇನೇ ಎರಡು ಸಲ ನುಂಗಿದ್ರು. ಶುಗರ್ ಇಳಿದು, ಬೆವತು, ಅಂಗಳದಲ್ಲೇ ಕುಸಿದ್ರು. ಸಕ್ಕರೆ ನೀರು ಕುಡಿಸಿ ದವಾಖಾನೆಗೆ ಒಯ್ದಿದ್ದಕ್ಕೆ ಉಳಿದರು. ಕೌಂಟರಿನಲ್ಲಿದ್ದ ಹುಡುಗ ಫಾರ್ಮಸಿಸ್ಟ್ ಅಲ್ಲ. ಸರ್ಟಿಫಿಕೇಟ್ ಮಾತ್ರ ಗೋಡೆ ಮೇಲಿತ್ತು.

1948ರ ಫಾರ್ಮಸಿ ಕಾಯ್ದೆ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ರೋಗಿಗೆ ತಿಳಿಹೇಳೋದೂ ಅವರ ಕೆಲಸ ಅಂತ 2015ರ ನಿಯಮಗಳು ಹೇಳ್ತವೆ. ಕಾನೂನು ಅಲ್ಲೂ ಇದೆ, ಇಲ್ಲೂ ಇದೆ. ಜರ್ಮನಿಯಲ್ಲಿ ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ತೆರೆಯೋ ಹಾಗಿಲ್ಲ. ಗುಳಿಗೆ ಸಾಮಾನ್ಯವಾಗಿ ಪೂರ್ತಿ ಡಬ್ಬಿಯಲ್ಲೇ, ಮಾಹಿತಿ ಚೀಟಿ ಸಮೇತ ಸಿಗುತ್ತೆ. ನಮ್ಮ ಡಾಕ್ಟರು ಬರೆಯುವ ಅದೇ "1-0-1" ಅಲ್ಲಿಯೂ ಇದೆ. ಅದನ್ನು ಓದಿ ಹೇಳೋಕೆ ಅಲ್ಲಿ ಓದಿದವರೊಬ್ಬರು ಇರ್ತಾರೆ.

ಹಾಗಾದ್ರೆ ನೀವೇನು ಮಾಡಬಹುದು? ಹೊರಗೆ ಹೋಗೋ ಆಸೆ ಇದ್ರೆ, 1949ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಫಾರ್ಮಸಿ ವಿದ್ಯಾರ್ಥಿಗಳ ಒಕ್ಕೂಟದ ವಿನಿಮಯ ಕಾರ್ಯಕ್ರಮದ ಬಗ್ಗೆ ಕಾಲೇಜಿನಲ್ಲಿ ವಿಚಾರಿಸಿ. ಆದರೆ ಎಕ್ಸ್‌ಚೇಂಜ್ ಅಂದ್ರೆ ಅಲ್ಲಿ ಕೆಲಸ ಮಾಡೋ ಲೈಸೆನ್ಸ್ ಅಲ್ಲ, ನೆನಪಿರಲಿ. ಹೋಗೋಕೆ ಆಗದಿದ್ರೆ ಬೇಜಾರು ಬೇಡ. ಆ 150 ಗಂಟೆಯನ್ನು ಆಸ್ಪತ್ರೆಯ ಔಷಧ ವಿಭಾಗದಲ್ಲೋ, ಫಾರ್ಮಸಿಸ್ಟ್ ಖುದ್ದು ಇರುವ ಮೆಡಿಕಲ್‌ನಲ್ಲೋ ಕಳೆಯಿರಿ. ಅಲ್ಲಿ ಯಾರೋ ಒಬ್ಬ ಅಜ್ಜಿ, "ತಮ್ಮಾ, ಇದು ಊಟಕ್ಕ ಮೊದಲೋ, ಉಂಡ ಮ್ಯಾಲೋ?" ಅಂತ ಕೇಳ್ತಾರೆ. ಆಗ ಸರಿಯಾಗಿ ಉತ್ತರಿಸೋದೇ ನಮ್ಮ ನಿಜವಾದ ಪರೀಕ್ಷೆ.

ಆಯಿಗೆ ಓದೋಕೆ ಬರಲ್ಲ. ಹಾಗಾಗಿ ಈಗ ಅವರ ಒಂದು ಡಬ್ಬಿ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ ಬರೆದಿಟ್ಟೀನಿ. ನಿಮ್ಮ ಮನೆಯ ಗುಳಿಗೆ ಡಬ್ಬಿಯನ್ನೂ ಇವತ್ತೇ ಒಮ್ಮೆ ತೆರೆದು ನೋಡಿ. ಮತ್ತೆ ಸಿಗೋಣ.