ಊರಿನ ಚರಿತ್ರೆ ಊರಿಗೆ ಮುಟ್ಟಲಿ

ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ದರ್ಶನಕ್ಕೆ ಬರುವವರು ಬಹುಮಂದಿ. ಆ ಸೀಮೆಯ ಶಿಲಾಶಾಸನಗಳನ್ನು ಓದಬಲ್ಲವರು ವಿರಳ. ಅವುಗಳಲ್ಲಿ ಚೋಳರ ಕಾಲದ ತಮಿಳು ಶಾಸನಗಳೂ ಉಂಟು. ಚನ್ನಪಟ್ಟಣ ತಾಲ್ಲೂಕಿನ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಉಪಕಾರವು ದೊಡ್ಡದು. ಆದರೆ ಅದರ ಪೀಠಿಕೆಯೂ ಅನುವಾದವೂ ಇಂಗ್ಲಿಷಿನಲ್ಲಿವೆ.

1966ರಲ್ಲಿ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಹೊರಬಂದಿತು. ಕಲ್ಲಿನ ಬರಹದಿಂದ ಜನಜೀವನವನ್ನು ಕನ್ನಡದಲ್ಲಿಯೇ ಶಾಸ್ತ್ರೀಯವಾಗಿ ನಿರೂಪಿಸಬಹುದೆಂದು ಅದು ತೋರಿಸಿಕೊಟ್ಟಿತು. ಆದಕಾರಣ, ಕನ್ನಡಕ್ಕೆ ಶಕ್ತಿ ಸಾಲದೆಂಬ ನೆಪವು ಇನ್ನು ಸಲ್ಲದು. ಚರಿತ್ರೆ, ಸಮಾಜಶಾಸ್ತ್ರಗಳ ಹೊಸ ಗ್ರಂಥಗಳನ್ನು ವಿದ್ವಾಂಸರು ಕನ್ನಡದಲ್ಲಿ ಬರೆಯಲಿ, ಅಧಿಕಾರಿಗಳು ಅವನ್ನು ತಾಲ್ಲೂಕಿನ ವಾಚನಾಲಯಗಳಿಗೆ ಕೊಂಡು ತರಿಸಲಿ, ಪುರಜನರು ಓದಲಿ. ಊರಿನ ಕಲ್ಲಿನಿಂದ ಪಡೆದ ವಿದ್ಯೆಯು ಊರಿಗೆ ಹಿಂದಿರುಗದಿದ್ದರೆ ಆ ಋಣವು ತೀರದೆಂದು ನಾವು ಭಾವಿಸುತ್ತೇವೆ.